ಏಣಿ ಹತ್ತುವ ಕೇಕು

ಕೇಕಿಗೆ ಆರ್ಡರ್ ಕೊಡಲು ಯಾರಾದರೂ ಬಂದರೆ ನಾನು ಮೊದಲು ಕೇಳುವುದು ಮಗುವಿನ ಹೆಸರಲ್ಲ, ಎಷ್ಟು ಕಿಲೋ ಅಂತಲೂ ಅಲ್ಲ. “ನಿಮ್ಮ ಮನಿ ಕೆಳಗೋ, ಮ್ಯಾಗೋ?” ಧಾರಾವಿಯಲ್ಲಿ ಮಾಳಿಗೆ ಮನೆಗೆ ಮೆಟ್ಟಿಲಿರುವುದು ಕಡಿಮೆ. ಗೋಡೆಗೆ ಒರಗಿ ನೆಟ್ಟಗೆ ನಿಂತ ಕಬ್ಬಿಣದ ಏಣಿ, ಅದರ ತುದಿಗೊಂದು ಕಿಂಡಿ. ಆ ಕಿಂಡಿ ಎಷ್ಟಗಲವೋ ನನ್ನ ಕೇಕು ಅದಕ್ಕಿಂತ ಒಂದು ಬೆರಳು ಕಡಿಮೆ. ಇಂಗ್ಲೆಂಡಿನ ವಿಕ್ಟೋರಿಯಾ ರಾಣಿಯ ಮದುವೆಗೆಂದು 1840ರಲ್ಲಿ ಮಾಡಿದ ಕೇಕು ಹತ್ತಿರ ಹತ್ತಿರ 300 ಪೌಂಡು ತೂಗುತ್ತಿತ್ತು, ಸುತ್ತಳತೆ ಮೂರು ಗಜ. ಅರಮನೆಯ ಬಾಗಿಲು ಅಗಲ, ಮಾಡಿದರು. ಆಕೆ ನಮ್ಮ ಓಣಿಯ ಎರಡನೇ ಮಾಳಿಗೆಯಲ್ಲಿ ಸಂಸಾರ ಹೂಡಿದ್ದರೆ ಒಂಬತ್ತು ಇಂಚಿಗೇ ಸಮಾಧಾನ ಪಡಬೇಕಿತ್ತು.

ಈ ಜ್ಞಾನ ನನಗೆ ಪುಕ್ಕಟೆ ಬಂದದ್ದಲ್ಲ. ಕಸುಬು ಶುರುಮಾಡಿದ ಹೊಸತರಲ್ಲಿ ಒಂದು ಗೊಂಬೆ ಕೇಕು ಮಾಡಿದ್ದೆ. ನಡುವೆ ಪ್ಲಾಸ್ಟಿಕ್ ಗೊಂಬೆ, ಸುತ್ತ ಕೇಕಿನದೇ ಲಂಗ, ಲಂಗಕ್ಕೆ ಗುಲಾಬಿ ಬಣ್ಣದ ಕ್ರೀಮಿನ ನೆರಿಗೆ. ಓಣಿಯಲ್ಲಿ ತಲೆಯ ಮೇಲೆ ಹೊತ್ತು ತಂದೆ. ಎದುರು ಬಂದವರೆಲ್ಲ ಗೋಡೆಗೆ ಅಂಟಿಕೊಂಡು ದಾರಿ ಬಿಟ್ಟರು. ಏಣಿಯ ಅರ್ಧ ಹತ್ತುವಷ್ಟರಲ್ಲಿ ಗೊಂಬೆಯ ತಲೆ ಮೇಲಿನ ಮನೆ ಹೊಕ್ಕಿತ್ತು, ಲಂಗ ಕಿಂಡಿಗೆ ಸಿಕ್ಕಿಬಿತ್ತು. ಕೆಳಗೆ ಹುಡುಗಿಯ ಸೋದರಮಾವ ನನ್ನ ಕಾಲು ಹಿಡಿದು ನಿಂತ. ಮೇಲೆ ಅಜ್ಜಿ ಗೊಂಬೆಯ ಕುತ್ತಿಗೆ ಹಿಡಿದಳು. ಕೊನೆಗೆ ಚಮಚ ತರಿಸಿ ಎರಡೂ ಬದಿಯ ನೆರಿಗೆ ಕೆರೆದು ತೆಗೆದೆ. “ಆಂಟಿ, ಇದು ಹೊಸ ಫ್ಯಾಷನ್ನಾ?” ಎಂದು ಹುಡುಗಿ ಕೇಳಿದಾಗ ಹೌದವ್ವಾ ಎಂದೆ. ಅಂದಿನಿಂದ ಅಳತೆಯ ಟೇಪು ನನ್ನ ಪರ್ಸಿನಲ್ಲೇ ಇರುತ್ತದೆ. ಎರಡಂತಸ್ತಿನ ಕೇಕಾದರೆ ಅಂತಸ್ತುಗಳು ಬೇರೆ ಬೇರೆ ಡಬ್ಬಿಯಲ್ಲಿ ಏಣಿ ಹತ್ತುತ್ತವೆ. ಮೇಲೆ ಹೋದಮೇಲೇ ಅವುಗಳ ಕೂಡಾವಳಿ.

ನಾನು ಇಲ್ಲೇ ಹುಟ್ಟಿ ಬೆಳೆದವಳು. ಅಪ್ಪ, ಅವ್ವ ಸಿಂದಗಿ ಕಡೆಯವರು, ಒಂದು ಬರಗಾಲದ ವರ್ಷ ಟ್ರಂಕು ಹೊತ್ತು ಬಂದವರು. ಓದಿದ್ದು ಮುನ್ಸಿಪಾಲಿಟಿಯ ಕನ್ನಡ ಶಾಲೆಯಲ್ಲಿ. ಆಗ ಓಣಿಯಲ್ಲಿ ಕೇಕು ಕತ್ತರಿಸುವುದೆಂದರೆ ವರ್ಷಕ್ಕೊಮ್ಮೆಯೋ ಎರಡು ಸಲವೋ ನಡೆಯುವ ಸಂಗತಿ. ಬೆಳಗಿನ ಜಾವ ಕಟ್ಟಿಗೆಯ ಭಟ್ಟಿಯಿಂದ ಪಾವ್ ಇಳಿಸಿ, ಆಮೇಲೆ ಖಾರಿ ಬಿಸ್ಕತ್ತು ಇಳಿಸಿ, ಕಾವು ಉಳಿದರೆ ಬೇಕರಿಯ ಚಾಚಾ ಕೇಕಿಗೆ ಕೈಹಾಕುತ್ತಿದ್ದರು. ವನಸ್ಪತಿಗೆ ಸಕ್ಕರೆ ಪುಡಿ ಹಾಕಿ ತಿಕ್ಕಿದ ಕ್ರೀಮು. ತಿಂದ ಮೇಲೆ ಅಂಗುಳಕ್ಕೆ ಮೇಣ ಮೆತ್ತಿದ ಹಾಗೆ. ಮೇಲೆ ಒಂದೇ ಒಂದು ಗುಲಾಬಿ ಹೂವು, ನಾಲ್ಕು ಬೆಳ್ಳಿ ಗುಂಡು. ಆ ಒಂದು ಹೂವಿಗಾಗಿ ಹತ್ತು ಮಕ್ಕಳ ಜಗಳ. ಯಾರ ಹುಟ್ಟುಹಬ್ಬವಾದರೂ ಅದೇ ಹೂವು. ಈಗ ಆ ಭಟ್ಟಿಯೇ ಹೋಗುವ ಕಾಲ. ಕಟ್ಟಿಗೆ, ಇದ್ದಿಲು ಉರಿಸುವ ಬೇಕರಿಗಳು ಆರು ತಿಂಗಳೊಳಗೆ ಗ್ಯಾಸಿಗೋ ಬೇರೆ ಶುದ್ಧ ಇಂಧನಕ್ಕೋ ಬದಲಾಗಬೇಕೆಂದು ಬಾಂಬೆ ಹೈಕೋರ್ಟು 2025ರ ಜನವರಿಯಲ್ಲಿ ಹೇಳಿತು. ಹೊಗೆ ಹೋದರೆ ಒಳ್ಳೆಯದೇ, ದಮ್ಮಿನ ಅಜ್ಜಂದಿರು ನಮ್ಮ ಓಣಿಯಲ್ಲೂ ಇದ್ದಾರೆ. ಕಟ್ಟಿಗೆಯ ಖಾರಿ ಮಾತ್ರ ನೆನಪಾಗುತ್ತದೆ.

ನಾನು ಕೇಕಿಗೆ ಇಳಿದದ್ದು 2020ರಲ್ಲಿ, ಎಲ್ಲರ ಹಾಗೆ ಬೇರೆ ಗತಿಯಿಲ್ಲದೆ. ಲಾಕ್‌ಡೌನು, ಬೇಕರಿ ಬಂದ್, ಮಗನಿಗೆ ಹುಟ್ಟುಹಬ್ಬ. ಕುಕ್ಕರಿನ ತಳಕ್ಕೆ ಉಪ್ಪು ಸುರಿದು, ಸೀಟಿ, ಗ್ಯಾಸ್ಕೆಟ್ ಎರಡನ್ನೂ ತೆಗೆದಿಟ್ಟು, ಒಳಗೆ ಡಬ್ಬಿ ಇಳಿಸಿದೆ. ತತ್ತಿ ಹಾಕುವ ಹಾಗಿಲ್ಲ, ಅವ್ವನಿಗೆ ಸೋಮವಾರ. ತತ್ತಿಯಿಲ್ಲದ ಕೇಕು ನಮ್ಮ ಮಡಿಯವರ ಉಪಾಯ ಎಂದುಕೊಂಡಿದ್ದೆ. ಆದರೆ ಬರ್ಮಿಂಗ್‌ಹ್ಯಾಮಿನ ಆಲ್ಫ್ರೆಡ್ ಬರ್ಡ್ ಎಂಬ ಔಷಧ ವ್ಯಾಪಾರಿಯ ಹೆಂಡತಿಗೆ ತತ್ತಿಯೂ ಒಗ್ಗುತ್ತಿರಲಿಲ್ಲ, ಯೀಸ್ಟೂ ಒಗ್ಗುತ್ತಿರಲಿಲ್ಲ. ಅವಳಿಗಾಗಿ ಆತ 1837ರಲ್ಲಿ ತತ್ತಿಯಿಲ್ಲದ ಕಸ್ಟರ್ಡ್ ಪುಡಿ, 1843ರಲ್ಲಿ ಬೇಕಿಂಗ್ ಪೌಡರ್ ಮಾಡಿದ. ಹೆಂಡತಿಯ ಹೊಟ್ಟೆನೋವಿಗೆ ಅಷ್ಟು ತಲೆ ಕೆಡಿಸಿಕೊಂಡ ಗಂಡ! ಈ ಕಥೆಯನ್ನು ನನ್ನ ಗಂಡನಿಗೆ ಎರಡು ಸಲ ಹೇಳಿದ್ದೇನೆ.

ಕ್ರೀಮಿನದು ಇನ್ನೊಂದು ಕಥೆ. ಹಾಲಿನ ಕೆನೆ ಮುಂಬೈಯ ಮೇ ತಿಂಗಳಲ್ಲಿ ತಗಡಿನ ಚಪ್ಪರದ ಕೆಳಗೆ ಹತ್ತು ನಿಮಿಷ ನಿಲ್ಲುವುದಿಲ್ಲ. ನಾವು ಬಳಸುವುದು ಎಣ್ಣೆಯಿಂದ ಮಾಡಿದ ವಿಪ್ಪಿಂಗ್ ಕ್ರೀಮು. ಇದರ ಮೂಲಪುರುಷ ಅಮೆರಿಕದ ಬಫಲೋ ಊರಿನ ರಾಬರ್ಟ್ ರಿಚ್. 1945ರಲ್ಲಿ ಆತ ಸೋಯಾದಿಂದ ಮಾಡಿದ ಕ್ರೀಮನ್ನು ವ್ಯಾಪಾರಿಗಳಿಗೆ ತೋರಿಸಲು ರೈಲಿನಲ್ಲಿ ಒಯ್ದ. ಕೆಡಬಾರದೆಂದು ಡ್ರೈ ಐಸಿನಲ್ಲಿ ಸುತ್ತಿದ್ದ. ಬಿಚ್ಚಿ ನೋಡಿದರೆ ಕಲ್ಲಾಗಿದೆ. ಮಾನ ಉಳಿಸಿಕೊಳ್ಳಲು ಅದನ್ನೇ ಚಾಕುವಿನಿಂದ ಕತ್ತರಿಸಿ ಕಡೆದ. ಅದು ಉಬ್ಬಿ ನಿಂತಿತು. ಹಾಲಿನ ಕೆನೆಗೆ ಬಾರದ ಗುಣ ಇದಕ್ಕೆ ಬಂದಿತ್ತು. ನನಗೆ ಆತನ ಮೇಲೆ ವಿಶೇಷ ಪ್ರೀತಿ. ನಮ್ಮ ಕಸುಬಿನಲ್ಲಿ ಅರ್ಧ ವಿದ್ಯೆ ಹೀಗೆ ಕೆಟ್ಟದ್ದನ್ನು ಮುಚ್ಚಲು ಹೋಗಿಯೇ ಬಂದದ್ದು.

ಥೀಮ್ ಕೇಕು ಮಾತ್ರ ನೂರಕ್ಕೆ ನೂರು ಪರದೇಶದ್ದು ಎಂದು ನಂಬಿದ್ದೆ, ಅವ್ವನ ಟ್ರಂಕಿನ ತಳ ಕಾಣುವ ತನಕ. ಹಳೆಯ ಇರಕಲ್ ಸೀರೆಯಲ್ಲಿ ಸುತ್ತಿದ ಎರಡು ಹೋಳಿನ ಸಾಗವಾನಿ ಅಚ್ಚು. ಜೋಡಿಸಿದರೆ ಆನೆ. ಸಕ್ಕರೆ ಆರತಿಯ ಅಚ್ಚು! ದೀಪಾವಳಿ ಕಳೆದು ಹದಿನೈದು ದಿನಕ್ಕೆ ಗೌರಿ ಹುಣ್ಣಿಮೆ. ಆಗ ನಮ್ಮ ಕಡೆ ಆನೆ, ಒಂಟೆ, ನವಿಲು, ತೇರು, ಗುಡಿಗೋಪುರ ಎಲ್ಲ ಸಕ್ಕರೆಯಲ್ಲೇ. ಪಾಕ ಕುದಿಯುವಾಗ ತುಸು ಹಾಲು ಹಾಕಿದರೆ ಕೊಳೆ ಮೇಲೆ ಬರುತ್ತದೆ, ಅದನ್ನು ತೆಗೆಯಬೇಕು. ನೀರಲ್ಲಿ ತೊಯ್ಸಿದ ಅಚ್ಚಿನ ಹೋಳುಗಳನ್ನು ದಾರದಿಂದ ಬಿಗಿದು, ಹದಕ್ಕೆ ಬಂದ ಪಾಕ ಹುಯ್ಯಬೇಕು. ಹದ ತಪ್ಪಿದರೆ ಆನೆಯ ಸೊಂಡಿಲು ಅಚ್ಚಿನಲ್ಲೇ ಉಳಿಯುತ್ತದೆ. ಹೆಣ್ಣುಮಕ್ಕಳು ಅವನ್ನು ತಾಟಿನಲ್ಲಿಟ್ಟು, ದೀಪ ಹಚ್ಚಿ, ಗೌರಿಗೆ ಬೆಳಗಲು ಹೋಗುತ್ತಾರೆ. ಮದುವೆ ನಿಶ್ಚಯವಾದ ಹುಡುಗಿಗೆ ಬೀಗರ ಮನೆಯಿಂದ ಸೀರೆಯ ಜೊತೆ ಆರತಿ ಬರಬೇಕು; ಬಂದ ಆರತಿ ಎಷ್ಟು ದೊಡ್ಡದೆಂದು ಓಣಿಯೆಲ್ಲ ನೋಡುತ್ತದೆ. ಅವ್ವನಿಗೆ ಬಂದಿದ್ದ ಒಂಟೆಯ ಕತ್ತನ್ನು ತಮ್ಮನೊಬ್ಬ ಅದೇ ರಾತ್ರಿ ಕಡಿದು ತಿಂದಿದ್ದನಂತೆ. ಆ ಸಿಟ್ಟು ಅವಳಿಗೆ ಇನ್ನೂ ಇದೆ.

ಅದೇ ಅಚ್ಚಿಗೆ ಕಾರ್ನ್‌ಫ್ಲೋರ್ ಉದುರಿಸಿ ಫಾಂಡಂಟ್ ಒತ್ತಿದೆ. ಸಕ್ಕರೆಯ ಕಣಕ ಎನ್ನಿ. ಆನೆ ಅಂಬಾರಿ ಸಮೇತ ಎದ್ದು ಬಂತು. ತಮಿಳರ ಮನೆಯ ಹೆಸರಿಡುವ ಕೇಕಿನ ಮೇಲೆ ಕೂತಿತು. ನಾನು ಹೇಳಿದ ಬೆಲೆ ಕೇಳಿ ಅವ್ವ ಅಂದಳು: “ಇದಕ್ಕ ರೊಕ್ಕಾ ತಗೋತಿಯೇನ? ನಾವು ತಾಟ್ ತುಂಬಾ ಪುಕ್ಕಟೆ ಹಂಚತಿದ್ವಿ.”

ಆದರೆ ಆರತಿಯ ಆನೆ ಎಲ್ಲರ ಮನೆಯಲ್ಲೂ ಒಂದೇ ಆನೆ. ಈಗ ಪ್ರತಿ ಮಗುವಿಗೂ ತನ್ನದೇ ಆನೆ ಬೇಕು, ಇಲ್ಲವೇ ಜೆಸಿಬಿ, ಛೋಟಾ ಭೀಮ, ಪೊಲೀಸ್ ಟೋಪಿ. ಅದರ ಕೆಳಗೆ ತನ್ನದೇ ಹೆಸರು. ಹತ್ತು ಬೈ ಹತ್ತರ ಖೋಲಿಯಲ್ಲಿ ಆರು ಜನ ಮಲಗುವ ಮನೆಯಲ್ಲಿ ಮಗುವಿಗೆ ಸ್ವಂತದ್ದೆಂದು ಒಂದು ಮೂಲೆಯೂ ಇರುವುದಿಲ್ಲ. ಒಂದು ಸಂಜೆ ಒಂಬತ್ತು ಇಂಚು ಜಾಗ ಅದರ ಹೆಸರಿಗಿರಲಿ. ಇದನ್ನು ದುಂದು ಎನ್ನುವವರ ಜೊತೆ ನಾನು ವಾದಕ್ಕಿಳಿಯುವುದಿಲ್ಲ. ಅವರ ಮಕ್ಕಳಿಗೂ ಕೇಕು ಮಾಡಿಕೊಟ್ಟಿದ್ದೇನೆ.

ಅಪ್ಪ ತೊಗಲಿನ ಕೆಲಸದವನು. ತೊಗಲು ಹದಮಾಡುವುದು ಧಾರಾವಿಯಿಂದ ಆಚೆ ಹೋದರೂ ಬ್ಯಾಗು, ಬೆಲ್ಟು, ಪಾಕೀಟು ಹೊಲಿಯುವುದು ಇಲ್ಲೇ ಉಳಿದಿದೆ. ಒಬ್ಬ ತೊಗಲು ವ್ಯಾಪಾರಿಯ ಅಂಗಡಿಗೆ ಇಪ್ಪತ್ತೈದು ವರ್ಷ ತುಂಬಿತೆಂದು ಹ್ಯಾಂಡ್‌ಬ್ಯಾಗಿನ ಕೇಕು ಕೇಳಿದರು. ಕಂದು ಫಾಂಡಂಟನ್ನು ರೊಟ್ಟಿಯಷ್ಟು ತೆಳ್ಳಗೆ ಲಟ್ಟಿಸಿದೆ, ರಟ್ಟಿನ ಫರ್ಮಾ ಇಟ್ಟು ಕತ್ತರಿಸಿದೆ, ಸಣ್ಣ ಹಲ್ಲುಗಾಲಿ ಉರುಳಿಸಿ ಅಂಚಿಗೆ ಹೊಲಿಗೆಯ ಗುರುತು ಹಾಕಿದೆ. ಅಪ್ಪ ಬಾಗಿಲಲ್ಲಿ ಕೂತು ನೋಡುತ್ತಿದ್ದವನು ಎದ್ದು ಬಂದ. ನಾನು ಕೇಕು ಮಾಡಲು ಹತ್ತಿದ ಮೇಲೆ ಅವನು ಹತ್ತಿರ ಬಂದು ನೋಡಿದ್ದು ಅದೇ ಮೊದಲು. “ಹೊಲಿಗಿ ಸೊಟ್ಟ ಬಂದದ. ಮೂಲ್ಯಾಗ ತೊಗಲು ಹಿಂಗ ಮಡಚಂಗಿಲ್ಲ” ಎಂದು ಕೈ ತೊಳೆದುಕೊಂಡು ಕೂತೇಬಿಟ್ಟ. ನನ್ನ ಚಾಕು ಅವನಿಗೆ ಸರಿಬರಲಿಲ್ಲ. ಹೊಸ ರಂಪಿಗೆಯೊಂದನ್ನು ತರಿಸಿ, ಬಿಸಿನೀರಲ್ಲಿ ಕುದಿಸಿ, ಅಂಚನ್ನು ತೊಗಲು ಹೆರೆದ ಹಾಗೇ ಹೆರೆದು, ಮಡಚಿ ಕೂರಿಸಿದ. ವ್ಯಾಪಾರಿ ಕೇಕನ್ನು ಕಂಡವನೇ ಹಿಡಿಕೆ ಹಿಡಿದು ಎತ್ತಲು ಹೋದ. ಅಪ್ಪನಿಗೆ ಅದಕ್ಕಿಂತ ದೊಡ್ಡ ಶಾಭಾಸು ಯಾರೂ ಕೊಟ್ಟಿರಲಿಕ್ಕಿಲ್ಲ.

ಕಷ್ಟವಿರುವುದು ಮಾಡುವುದರಲ್ಲಲ್ಲ, ಕತ್ತರಿಸುವುದರಲ್ಲಿ. ಏಪ್ರಿಲ್ 14 ಅಂಬೇಡ್ಕರ್ ಜಯಂತಿ. ಹಿಂದಿನ ರಾತ್ರಿ ಹನ್ನೆರಡಕ್ಕೇ ಇಲ್ಲಿ ಕೇಕು. ಒಂದು ವರ್ಷ ಸಂವಿಧಾನ ಪುಸ್ತಕದ ಕೇಕು ಮಾಡಿಕೊಟ್ಟೆ, ನೀಲಿ ರಟ್ಟು, ಹಾಳೆಗಳ ಅಂಚಿಗೆ ಗೆರೆ. ಹನ್ನೆರಡು ಹೊಡೆಯಿತು, ಚಾಕು ಹಿಡಿಯಲು ಒಬ್ಬರೂ ಮುಂದೆ ಬರಲಿಲ್ಲ. ಸಂವಿಧಾನಕ್ಕೆ ಚಾಕು ಹಾಕುವುದು ಹೇಗೆ? ಅವರು ಸರಿ, ತಪ್ಪು ನನ್ನದು. ಮರುವರ್ಷ ಪುಸ್ತಕವನ್ನು ಥರ್ಮೊಕೋಲಿನ ಡಮ್ಮಿಯ ಮೇಲೆ ಮಾಡಿ, ಕೆಳಗೆ ತಿನ್ನುವ ಕೇಕು ಇಟ್ಟೆ. ಪುಸ್ತಕ ಈಗಲೂ ಅವರ ಮಂಡಳದ ಕಪಾಟಿನಲ್ಲಿದೆ. ಬೆಂಗಳೂರಿನಲ್ಲಿ ಡಿಸೆಂಬರಿನ ಕೇಕ್ ಶೋದಲ್ಲಿ ಒಮ್ಮೆ ಹೊಸ ಸಂಸತ್ ಭವನವನ್ನೇ ಸಕ್ಕರೆಯಲ್ಲಿ ಕಟ್ಟಿದ್ದರು. ಅಲ್ಲಿ ಈ ತಾಪತ್ರಯವಿಲ್ಲ, ಟಿಕೆಟ್ಟು ನೋಡಲಿಕ್ಕೆ ಮಾತ್ರ.

ಇನ್ನು ಅಕ್ಷರ. ವಾರದಲ್ಲಿ ನಾಲ್ಕು ಲಿಪಿ ಬರೆಯುತ್ತೇನೆ. ದೇವನಾಗರಿಯ ತಲೆಗೆರೆ ಕ್ರೀಮಿನಲ್ಲಿ ನಡು ಬಾಗುತ್ತದೆ, ಉರ್ದುವಿನ ಚುಕ್ಕೆ ಒಂದು ಹೆಚ್ಚಾದರೆ ಹೆಸರೇ ಬೇರೆ. ಕನ್ನಡವೋ ಕ್ರೀಮಿನ ಕೋನಿಗೆ ಹೇಳಿ ಮಾಡಿಸಿದ ಲಿಪಿ, ಕೈ ಎತ್ತದೆ ಸುತ್ತಿ ಸುತ್ತಿ ಹೋಗಬಹುದು, ಜಿಲೇಬಿ ಬಿಟ್ಟ ಹಾಗೆ. ಒತ್ತಕ್ಷರ ಬಂದಾಗ ಮಾತ್ರ ಕೇಕಿನ ಅಂಚು ಮುಗಿದಿರುತ್ತದೆ. ‘ಹುಟ್ಟುಹಬ್ಬ’ ಎಂಬ ಒಂದೇ ಮಾತಿನಲ್ಲಿ ಎರಡು ಒತ್ತು! ಹಾಗೆ ಕಷ್ಟಪಟ್ಟು ಬರೆದ ಕೇಕನ್ನು ಕಲಬುರಗಿ ಕಡೆಯವರ ಮನೆಗೆ ಒಯ್ದಾಗ, ಇಂಗ್ಲಿಷ್ ಶಾಲೆಗೆ ಹೋಗುವ ಹುಡುಗ ಅಕ್ಷರಗಳ ಮೇಲೆ ಬೆರಳಾಡಿಸಿ, “ಡಿಸೈನ್ ಮಸ್ತ್ ಆಗೇದ ಆಂಟಿ” ಎಂದ. ಅವನ ಅಜ್ಜ ಅದನ್ನು ಗಟ್ಟಿಯಾಗಿ ಓದಿ ಹೇಳಿದರು, ಎರಡು ಸಲ.

ಆದ್ದರಿಂದ ಆರ್ಡರ್ ಕೊಡುವವರಲ್ಲಿ ಒಂದು ವಿನಂತಿ. ಹೆಸರಿನಲ್ಲಿ ಒತ್ತಕ್ಷರವಿದ್ದರೆ ಒಂದು ದಿನ ಮೊದಲೇ ಹೇಳಿ, ದೊಡ್ಡ ಕೇಕು ಇಡುತ್ತೇನೆ. ದೊಡ್ಡ ಕೇಕು ಬೇಕಾದರೆ ಏಣಿಯ ಕಿಂಡಿ ಅಳೆದುಕೊಂಡು ಬನ್ನಿ.