ಹಿತ್ತಲಿನ ಪುಟ್ಟ ಒಕ್ಕಲು

ಕಪ್ಪೆಯ ಹೆಸರೆತ್ತಿದರೆ ಸಾಕು, ಮುಖ ಸಿಂಡರಿಸುವ ಗೃಹಿಣಿಯರೇ ಹೆಚ್ಚು. ಮಳೆಗಾಲದಲ್ಲಿ ಬಚ್ಚಲುಮನೆಯ ಹಂಡೆಯ ಹಿಂದೆ ಗೋಡೆಗೆ ಅಂಟಿಕೊಂಡು ಕುಳಿತ ಮರಗಪ್ಪೆಯನ್ನು ಪೊರಕೆ ಹಿಡಿದು ಅಟ್ಟದವರು ಯಾರಿದ್ದಾರೆ ಹೇಳಿ? ಆ ಮರಗಪ್ಪೆಗೆ ದಾಯಾದಿಯೊಂದಿದೆ. ಮನೆಯೊಳಗೆ ಬಂದು ನಮ್ಮನ್ನು ಬೆಚ್ಚಿಬೀಳಿಸುವ ಜಾತಿಯಲ್ಲ. ಬೇಲಿಯ ಪೊದೆ, ಕಾಫಿ ಗಿಡ, ಏಲಕ್ಕಿ ಹಿಂಡು, ಇಂಥಲ್ಲಿ ಕುಳಿತು ರಾತ್ರಿಯೆಲ್ಲ ಕೂಗುತ್ತದೆ. ಗಾತ್ರ ಸಾಮಾನ್ಯವಾಗಿ ಸುಮಾರು ಒಂದು ಅಂಗುಲ. ಹೆಸರು ಪೊದೆಗಪ್ಪೆ. ಕೂಗುವುದೆಲ್ಲ ಗಂಡು, ಹೆಣ್ಣು ಸುಮ್ಮನೆ ಕೇಳಿಸಿಕೊಂಡು ಯಾರನ್ನು ಒಪ್ಪಬೇಕೆಂದು ತೀರ್ಮಾನಿಸುತ್ತದೆ. ನಮ್ಮ ಮನೆಗಳಲ್ಲಿ ಅಂಥ ಅನುಕೂಲವಿಲ್ಲ, ಬಿಡಿ!

ಲಕ್ಕವಳ್ಳಿ ಎಂದರೆ ಹೊರಗಿನವರಿಗೆ ಭದ್ರಾ ಅಣೆಕಟ್ಟು, 1998ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದ ಕಾಡು, ಅಷ್ಟೇ. ಹುಲಿ ಎಣಿಸಲು ಜನ ಬರುತ್ತಾರೆ, ಆನೆ ಎಣಿಸಲೂ ಬರುತ್ತಾರೆ. ಯಾವ ಕಪ್ಪೆ ಯಾವ ಊರಿನಲ್ಲಿದೆ ಎಂದು ಹುಡುಕಿ ಬರೆದಿಡುವವರೂ ಇದ್ದಾರೆ ಎಂದು ತಿಳಿದಾಗ ನನಗೆ ಅಚ್ಚರಿಯಾಯಿತು. ಆ ಕೆಲಸ ಶುರುವಾಗಿ ಬಹಳ ಕಾಲವಾಗಿದೆ, ಅದೂ ನಮ್ಮ ಜಿಲ್ಲೆಯಲ್ಲೇ!

ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಸಿ. ಆರ್. ನಾರಾಯಣರಾಯರು 1937ರಲ್ಲಿ ದಕ್ಷಿಣ ಭಾರತದ ಹೊಸ ಕಪ್ಪೆಗಳ ವಿವರ ಪ್ರಕಟಿಸಿದರು. ಅವುಗಳಲ್ಲಿ ಒಂದು ಪೊದೆಗಪ್ಪೆ ಸಿಕ್ಕಿದ್ದು ಕೊಟ್ಟಿಗೆಹಾರದಲ್ಲಿ. ಆಗ ನಮ್ಮದು ಕಡೂರು ಜಿಲ್ಲೆ. ಧರ್ಮಸ್ಥಳಕ್ಕೆ ಹೋಗುವಾಗ ಅಲ್ಲಿ ಇಳಿದು ನೀರುದೋಸೆ ತಿನ್ನುವ ನಮಗೆ ಈ ಸಂಗತಿ ಯಾರು ಹೇಳಿದ್ದರು? ರಾಯರು ಜೋಪಾನ ಮಾಡಿದ್ದ ಮಾದರಿ ಕಪ್ಪೆಗಳು ಮುಂದೆ ಕಳೆದುಹೋದವು. ಆದರೂ ವಿದ್ವಾಂಸರು 2010ರಲ್ಲಿ ಈ ಪೊದೆಗಪ್ಪೆಗಳ ಕುಲಕ್ಕೇ ಅವರ ನೆನಪಿನಲ್ಲಿ 'ರಾವ್‌ಆರ್ಕೆಸ್ಟಿಸ್' ಎಂದು ಹೆಸರಿಟ್ಟರು.

ಇನ್ನೊಂದು ಕಥೆ ಕೇಳಿ. 2003ರಲ್ಲಿ ಕೊಡಗಿನ ಒಂದು ಹಳದಿ ಪೊದೆಗಪ್ಪೆಗೆ ಕುರಮೊಟೊ ಮತ್ತು ಜೋಶಿ ಎಂಬ ವಿಜ್ಞಾನಿಗಳು ಹೆಸರಿಟ್ಟರು. 2007ರಲ್ಲಿ ಕೆ. ವಿ. ಗುರುರಾಜ ಮತ್ತು ಸಂಗಡಿಗರು ಶರಾವತಿ ಕಣಿವೆಯಲ್ಲಿ ಕಣ್ಣಿನ ಸುತ್ತ ನೀಲಿ ಬಣ್ಣವಿದ್ದ ಕಪ್ಪೆ ಕಂಡು, ಅದಕ್ಕೆ ನೀಲನೇತ್ರ ಎಂಬ ಅರ್ಥ ಬರುವಂತೆ ಚೆಂದದ ಹೆಸರು ಕೊಟ್ಟರು. ಆಮೇಲೆ ಹೋಲಿಸಿ ನೋಡಿದರೆ ಎರಡೂ ಒಂದೇ! ಹಳೆಯ ಹೆಸರೇ ಉಳಿಯಿತು. ಆದರೆ ಆ ಪುಟ್ಟ ಜೀವದ ಸಂಸಾರ ಕೊಡಗಿನಿಂದ ಶರಾವತಿಯವರೆಗೂ ಹರಡಿದೆ ಎಂಬುದು ಗೊತ್ತಾಯಿತು. ನಕಾಶೆ ಬಿಡಿಸಿ ನೋಡಿ, ನಡುವೆ ಬರುವುದು ಹಾಸನ ಮತ್ತು ನಮ್ಮ ಜಿಲ್ಲೆ.

ಇದರಿಂದೇನು ಲಾಭ ಎನ್ನುವಿರಾ? ಒಂದು ಕಪ್ಪೆ ಒಂದೇ ಗುಡ್ಡದಲ್ಲಿದ್ದರೆ, ಆ ಗುಡ್ಡ ಬೋಳಾದ ದಿನ ಅದರ ವಂಶವೇ ಮುಗಿಯಿತು. ಹತ್ತು ಕಡೆ ಇದ್ದರೆ ಬದುಕುವ ದಾರಿ ಇದೆ. ಎಲ್ಲೆಲ್ಲಿದೆ ಎಂದು ತಿಳಿಯದೆ ಯಾವುದನ್ನು ಮೊದಲು ಕಾಯಬೇಕೆಂದು ಹೇಗೆ ಹೇಳುವುದು? ನೋಡಲು ಹಲವು ಜಾತಿಗಳು ಒಂದೇ ಥರ. ಒಂದೇ ಜಾತಿಯಲ್ಲೂ ಬಣ್ಣ ಬೇರೆ ಬೇರೆ. ಆದ್ದರಿಂದ ಇವರು ಕಣ್ಣಿಗಿಂತ ಕಿವಿಯನ್ನು ನಂಬುತ್ತಾರೆ. ಮಳೆಯ ರಾತ್ರಿ ಹೋಗಿ ಕೂಗನ್ನು ಧ್ವನಿಮುದ್ರಿಸಿ, ಜಾಗ, ವೇಳೆ ಬರೆದುಕೊಂಡು ನಕಾಶೆಯಲ್ಲಿ ಒಂದು ಚುಕ್ಕೆ ಇಡುತ್ತಾರೆ. ರಂಗೋಲಿಯ ಚುಕ್ಕೆಗಳ ಹಾಗೆಯೇ. ಸಾಕಷ್ಟು ಚುಕ್ಕೆಗಳಿದ್ದರೆ ತಾನೇ ಎಳೆ ಕೂಡುವುದು?

ಈ ಪೊದೆಗಪ್ಪೆಗಳಿಗೆ ಗೊದಮೊಟ್ಟೆಯ ಹಂತವೇ ಇಲ್ಲ. ತೇವವಿರುವ ಎಲೆಯ ಮೇಲೋ ತರಗಿನ ಕೆಳಗೋ ಮೊಟ್ಟೆ ಇಡುತ್ತವೆ. ಮೊಟ್ಟೆಯೊಡೆದು ಬರುವುದು ನೇರವಾಗಿ ಪುಟಾಣಿ ಕಪ್ಪೆ! ಕೆರೆ ಬೇಡ, ಬಾವಿ ಬೇಡ, ಒಂದಿಷ್ಟು ತಣ್ಣನೆಯ ನೆರಳು, ಒದ್ದೆ ತರಗು ಸಾಕು. ಅದನ್ನೇ ಗುಡಿಸಿ ಬೆಂಕಿ ಹಚ್ಚಿದರೆ, ಔಷಧಿ ಹೊಡೆದರೆ, ಸಿಮೆಂಟು ಬಳಿದರೆ, ಪಾಪ, ಬಾಣಂತನ ಎಲ್ಲಿ ನಡೆಯಬೇಕು?

ಈ ಪ್ರಶ್ನೆ ಈಗ ನಮ್ಮ ಮನೆಯಲ್ಲೂ ಎದ್ದಿದೆ. ಹಿತ್ತಲಿಗೆಲ್ಲ ಸಿಮೆಂಟು ಹಾಕಿಸಬೇಕೆಂದು ಯಜಮಾನರ ಹಟ. ಅತ್ತೆಯವರಿಗೆ ಮಂಡಿನೋವು, ಕೆಸರಿನಲ್ಲಿ ಜಾರಿಬಿದ್ದರೆ ಗತಿಯೇನು? ಅವರ ಭಯವೂ ಸುಳ್ಳಲ್ಲ. ಬಾಗಿಲಿನಿಂದ ಬಾವಿಯವರೆಗೆ ಕಲ್ಲು ಹಾಸಿಸೋಣ, ಬೇಲಿಯ ಪಕ್ಕದ ಎರಡು ಮಾರು ಜಾಗ ಹಾಗೇ ಇರಲಿ ಎಂಬುದು ನನ್ನ ಬೇಡಿಕೆ. "ಕಪ್ಪೆಗೋಸ್ಕರ ಜಾಗ ಬಿಡ್ತಾರೇನೇ?" ಎಂದು ಅತ್ತೆ ನಕ್ಕರು. ಆದರೆ ಮೊನ್ನೆ ಮಳೆ ನಿಂತ ಮೇಲೆ ಅವರೇ ಕರೆದು, "ಕೇಳಿಲ್ಲಿ, ಇವತ್ತು ಎರಡು ಕೂಗ್ತಾ ಇವೆ" ಎಂದರು. ಗಾರೆಯವನು ಇನ್ನೂ ಬಂದಿಲ್ಲ.

ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ನಾನು ಕಪ್ಪೆಯ ಲೆಕ್ಕವನ್ನೂ ಬರೆಯುತ್ತೇನೆ. ತಾರೀಖು, ಹೊತ್ತು, ಮಳೆ ಇತ್ತೇ ಇಲ್ಲವೇ, ಕೂಗು ಯಾವ ಮೂಲೆಯಿಂದ ಬಂತು, ಇಷ್ಟೇ. ಯಾವ ಜಾತಿ ಎಂದು ತಿಳಿದವರು ಬಂದು ಹೇಳಲಿ. ನೀವೂ ಪಾತ್ರೆ ತೊಳೆದಾದ ಮೇಲೆ ಹಿತ್ತಲ ದೀಪ ಆರಿಸಿ ಐದು ನಿಮಿಷ ನಿಂತು ಕೇಳಿ. ಖರ್ಚಿಲ್ಲದ ಕೆಲಸ. ನಿಮ್ಮ ಊರಿನದೂ ಒಂದು ಚುಕ್ಕೆ ಸೇರಲಿ.