ಘಟ್ಟಕ್ಕೆ ಹೊರಟ ಹಳೆಯ ಜೀಪು

ಕುಂದಾಪುರ, ಬೈಂದೂರು, ಬ್ರಹ್ಮಾವರದವರಿಗೆ ಒಂದು ಕಡೆ ಕಡಲು, ಇನ್ನೊಂದು ಕಡೆ ಘಟ್ಟ. ಮೂಡಣಕ್ಕೆ ಹೊರಟರೆ ಹತ್ತಲೇಬೇಕು. ಬ್ರಹ್ಮಾವರದವರು ಹೆಬ್ರಿ, ಸೋಮೇಶ್ವರ ದಾಟಿ ಆಗುಂಬೆಯ ತಿರುವುಗಳನ್ನು ಏರುತ್ತಾರೆ. ಕುಂದಾಪುರದವರಿಗೆ ಹೊಸಂಗಡಿಯಾಚೆಗಿನ ಬಾಳೆಬರೆ ಘಾಟಿ. ಬೈಂದೂರಿನವರಿಗೆ ಕೊಲ್ಲೂರು, ನಾಗೋಡಿ. ಆದರೆ ವಾಹನದ ನಿಜವಾದ ಪರೀಕ್ಷೆ ನಡೆಯುವುದು ಕೊಡಚಾದ್ರಿಯಲ್ಲಿ.

1343 ಮೀಟರ್ ಎತ್ತರದ ಈ ಬೆಟ್ಟ ಹೊಸನಗರ ತಾಲೂಕಿಗೆ ಸೇರಿದ್ದರೂ ಮೂಕಾಂಬಿಕೆಯ ಭಕ್ತರಿಗೆ ಅದು ಕೊಲ್ಲೂರಿನದೇ. ಕೊಲ್ಲೂರಿನ ಬಾಡಿಗೆ ಜೀಪುಗಳು ನಿಟ್ಟೂರು ಬಳಸಿ ಹೋಗುತ್ತವೆ. ಕೊನೆಯ ಕೆಲವು ಕಿಲೋಮೀಟರುಗಳು ರಸ್ತೆಯಲ್ಲ, ಬರೀ ಕಲ್ಲು, ಕೊರಕಲು. ಈಗ ಹೆಚ್ಚಿನವು ಡೀಸೆಲ್ ಜೀಪುಗಳು. ಅವಕ್ಕೆ ಕಾರ್ಬುರೇಟರೇ ಇಲ್ಲ. ಆದರೆ ಅಜ್ಜನ ಕಾಲದ ಪೆಟ್ರೋಲ್ ವಿಲ್ಲೀಸನ್ನು ಮುದ್ದಿನಿಂದ ಇಟ್ಟುಕೊಂಡವರು ಇನ್ನೂ ಇದ್ದಾರೆ. ಮಹೀಂದ್ರಾದವರು ನಮ್ಮಲ್ಲಿ ವಿಲ್ಲೀಸ್ ಜೋಡಿಸತೊಡಗಿದ್ದು 1940ರ ದಶಕದಲ್ಲಿ.

ಇಂಥ ಜೀಪು ಮೇಲೇರಿದಂತೆ ಏದುಸಿರು ಬಿಡುವುದೇಕೆ? ಕೊಡಚಾದ್ರಿಯ ತುದಿಯಲ್ಲಿ ಗಾಳಿಯ ಸಾಂದ್ರತೆ ಗಂಗೊಳ್ಳಿಯ ದಡಕ್ಕಿಂತ ಸುಮಾರು ಶೇಕಡ 12ರಷ್ಟು ಕಡಿಮೆ. ಎಂಜಿನ್ನಿನ ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. ಕಾರ್ಬುರೇಟರಿಗೆ ಗಾಳಿಯ ತೂಕ ತಿಳಿಯದು. ಗಾಳಿ ತೆಳುವಾದಷ್ಟು ಪೆಟ್ರೋಲನ್ನು ಅದು ಕಡಿಮೆ ಮಾಡುವುದಿಲ್ಲ. ಮಿಶ್ರಣದಲ್ಲಿ ಪೆಟ್ರೋಲ್ ಹೆಚ್ಚಾಗಿ ಕಪ್ಪು ಹೊಗೆ ಬರುತ್ತದೆ, ಪ್ಲಗ್ಗಿಗೆ ಮಸಿ ಹಿಡಿಯುತ್ತದೆ. ಕಡಿದಾದ ಏರಿನಲ್ಲಿ ಜೀಪು ವಾಲಿದಾಗ ಫ್ಲೋಟಿನ ಬಟ್ಟಲಲ್ಲಿ ಪೆಟ್ರೋಲೂ ವಾಲಿ ಎಂಜಿನ್ ನಿಂತುಬಿಡುವುದುಂಟು.

ಹಾಗಾದರೆ ಸಣ್ಣ ಜೆಟ್ ಹಾಕಿಸಬೇಕೇ? ಲಡಾಖಿನಲ್ಲಿ 5000 ಮೀಟರಿನಾಚೆ ಗಾಳಿ ಶೇಕಡ 40ರಷ್ಟು ತೆಳುವಾಗುತ್ತದೆ; ಅಲ್ಲಿ ತಿಂಗಳುಗಟ್ಟಲೆ ಓಡಿಸುವವರಿಗೆ ಆ ಮಾತು ಸರಿ. ನಮ್ಮವರು ಬೆಳಿಗ್ಗೆ ಕಡಲ ತಡಿಯಿಂದ ಹೊರಟು ರಾತ್ರಿಯೂಟಕ್ಕೆ ಮನೆಗೆ ಬರುವವರು. ಮೇಲಿನ ಗಾಳಿಗೆ ಹೊಂದಿಸಿದ ಜೆಟ್ಟಿನೊಡನೆ ಕೆಳಗೆ ಓಡಿಸಿದರೆ ಪೆಟ್ರೋಲ್ ಸಾಲದೆ ಎಂಜಿನ್ ಕಾಯುತ್ತದೆ, ವಾಲ್ವ್ ಸುಡುವ ಭಯವೂ ಇದೆ. ಆದ್ದರಿಂದ ಜೆಟ್ಟಿಗೆ ಕೈ ಹಾಕದಿರುವುದೇ ಜಾಣತನ. ಏರ್ ಫಿಲ್ಟರ್ ಶುಚಿಯಾಗಿರಲಿ, ಎಂಜಿನ್ ಬಿಸಿಯಾದ ಮೇಲೆ ಚೋಕ್ ಎಳೆಯಬೇಡಿ, ಏರು ಬರುವ ಮೊದಲೇ ಗೇರ್ ಇಳಿಸಿ.

ಬಿಸಿಲಿನಲ್ಲಿ ನಿಧಾನವಾಗಿ ಹತ್ತುವಾಗ ಇನ್ನೊಂದು ಕಾಟವಿದೆ. ಕಾದ ಕೊಳವೆಯೊಳಗೆ ಪೆಟ್ರೋಲ್ ಆವಿಯಾಗಿ ಪಂಪು ಸೋಲುತ್ತದೆ. ಆಗ ಸ್ಟಾರ್ಟರ್ ತಿರುಗಿಸಿ ಬ್ಯಾಟರಿ ಕೊಲ್ಲುವುದು ಬೇಡ. ನೆರಳಿನಲ್ಲಿ ನಿಲ್ಲಿಸಿ, ಬಾನೆಟ್ ಎತ್ತಿ, ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಸ್ವಲ್ಪ ಹೊತ್ತು ಕಾಡು ನೋಡಿ. ಮೂಕಾಂಬಿಕಾ ಅಭಯಾರಣ್ಯದಲ್ಲಿ ನೋಡುವುದಕ್ಕೇನು ಕೊರತೆ!

ಹತ್ತುವಾಗ ಎಂಜಿನ್ ಸೋತರೆ ಹೊತ್ತು ಹಾಳು, ಅಷ್ಟೆ. ಇಳಿಯುವಾಗ ಬ್ರೇಕ್ ಸೋತರೆ ಪ್ರಾಣಕ್ಕೇ ಸಂಚಕಾರ. ಪೆಟ್ರೋಲ್ ಉಳಿಸಲೆಂದು ಗೇರ್ ತಪ್ಪಿಸಿ, ಎಂಜಿನ್ ಆರಿಸಿ ಘಾಟಿ ಇಳಿಸುವ ಹಳೆಯ ಚಾಳಿ ನಮ್ಮಲ್ಲಿದೆ. ಇಡೀ ಭಾರ ಬ್ರೇಕಿನ ಮೇಲೆ ಬಿದ್ದು ಡ್ರಮ್ಮು ಕಾಯುತ್ತದೆ, ಕಾದ ಬ್ರೇಕು ಹಿಡಿಯುವುದಿಲ್ಲ. ಮಳೆಗಾಲದ ಮಂಜಿನಲ್ಲಿ ಎದುರಿನಿಂದ ಬಸ್ಸು ಬಂದರೆ ತಪ್ಪಿಸಿಕೊಳ್ಳಲು ಜಾಗವೆಲ್ಲಿ? ಹತ್ತುವಾಗ ಹಾಕಿದ ಗೇರಿನಲ್ಲೇ ಇಳಿಯಬೇಕೆಂಬ ಹಿರಿಯ ಚಾಲಕರ ಪಾಠ ಇಂದಿಗೂ ಸುಳ್ಳಾಗಿಲ್ಲ.

ಈಗಿನ ಪೆಟ್ರೋಲ್ ಕಾರುಗಳಲ್ಲಿ ಕಾರ್ಬುರೇಟರಿನ ಕೆಲಸವನ್ನು ಕಂಪ್ಯೂಟರ್ ಮಾಡುತ್ತದೆ. ತೆಳು ಗಾಳಿಗೆ ತಕ್ಕಷ್ಟೇ ಪೆಟ್ರೋಲನ್ನು ಅದು ಅಳೆದು ಕೊಡುತ್ತದೆ. ಆದರೆ ಬಾಳೆಬರೆಯ ತಿರುವಿನಲ್ಲಿ ಗೇರ್ ಇಳಿಸಬೇಕಾದ ಕೈ ಮಾತ್ರ ನಮ್ಮದೇ.