ಕಟ್ಟಿಗೆ ಮನೆಯ ಯಜಮಾನಿಕೆ

ನೆಂಟರ ಮನೆಗೆ ಹೋದರೆ ಕೆಲವರ ಕಣ್ಣು ಪುಸ್ತಕದ ಕಪಾಟಿನ ಮೇಲೆ, ಕೆಲವರದು ಅಡುಗೆಮನೆಯ ಮೇಲೆ. ನನ್ನದು ಕಟ್ಟಿಗೆ ಮನೆಯ ಮೇಲೆ. ಆಸರಿಗೆ ಕುಡಿದು ಲೋಟ ಕೆಳಗಿಟ್ಟದ್ದೇ ತಡ, ಕಾಲು ತಾನಾಗಿ ಹಿತ್ತಿಲ ಕಡೆ ತಿರುಗುತ್ತದೆ. ಹೆಣ್ಣು ನೋಡಲು ಹೋದ ದಿನವೂ ಹಾಗೇ ಆಯಿತು. ಕೈ ತೊಳೆಯುವ ನೆವದಲ್ಲಿ ಬಚ್ಚಲ ಹಿಂದಕ್ಕೆ ಹೋದವನು ಅಲ್ಲಿ ಎದೆಮಟ್ಟ ಒಟ್ಟಿದ್ದ ಮತ್ತಿಯ ಸೀಳುಗಳನ್ನು ನೋಡುತ್ತ ಹತ್ತು ನಿಮಿಷ ನಿಂತುಬಿಟ್ಟೆ. ವಾಪಸು ಬರುವಾಗ ಅಪ್ಪಯ್ಯ ಬಸ್ಸಿನಲ್ಲಿ, "ಹೆಂಗನಿಸ್ತೊ ತಮಾ?" ಎಂದು ಮೆಲ್ಲಗೆ ಕೇಳಿದರು. "ಕಟ್ಟಿಗೆ ಚೊಲೊ ಇದ್ದು" ಅಂದೆ. ಆ ಮಾತು ಹೇಗೋ ಹುಡುಗಿಯ ಕಿವಿಗೂ ಬಿತ್ತು. ಮದುವೆಯಾಗಿ ಇಷ್ಟು ವರ್ಷವಾದರೂ ಜಗಳದಲ್ಲಿ ಸೋಲುವ ಹಂತ ಬಂದಾಗ ಅವಳು ಅದನ್ನು ತೆಗೆಯುತ್ತಾಳೆ.

ಸಾಗರದ ಕಡೆಯ ಹಳ್ಳಿಯಲ್ಲಿ ಹುಟ್ಟಿದವನಿಗೆ ಇದು ವಿಚಿತ್ರ ಚಟವೇನಲ್ಲ. ಇಲ್ಲಿ ವರ್ಷವೆಂದರೆ ಎರಡೇ: ಕಟ್ಟಿಗೆ ಮಾಡುವ ವರ್ಷಾರ್ಧ, ಕಟ್ಟಿಗೆ ಉರಿಸುವ ವರ್ಷಾರ್ಧ. ಅಡಿಕೆ ಕೊಯ್ಲು ಮುಗಿದು ಬೇಯಿಸುವ ಹಂಡೆ ಕೆಳಗಿಳಿದ ಮೇಲೆ ಬೆಟ್ಟಕ್ಕೆ ಹೋಗಿ ಬಿದ್ದ ಮರ, ಒಣಗಿದ ಕೊಂಬೆ ತರುವುದು. ಚೈತ್ರ, ವೈಶಾಖದ ಬಿಸಿಲಿಗೆ ಅದನ್ನು ಒಡ್ಡುವುದು. "ಮಿರ್ಗ ಹುಟ್ಟದ್ರೊಳಗೆ ಕಟ್ಟಿಗೆ ಒಳಗೆ ಬರವು" ಎಂಬುದು ಅಮ್ಮಮ್ಮನ ಪಂಚಾಂಗ. ಮೃಗಶಿರಾ ಮಳೆ ಹುಟ್ಟುವುದು ಜೂನ್ 7 ಅಥವಾ 8ಕ್ಕೆ. ಆಮೇಲೆ ಆರಿದ್ರೆ, ಪುನರ್ವಸು, ಪುಷ್ಯ, ಆಶ್ಲೇಷ ಎಂದು ಸಾಲುಗಟ್ಟಿ ಬರುವ ಮಳೆಗಳ ನಡುವೆ ಒಂದು ಕುಂಟೆ ಒಣಗಿಸುತ್ತೇನೆ ಎಂದು ಹೊರಡುವವನು ಹೊಸಬ.

ಒಳ್ಳೆಯ ಕಟ್ಟಿಗೆ ಯಾವುದೆಂದು ನಾನು ಕಲಿತದ್ದು ಕಿವಿಯಿಂದ. ನಮ್ಮಲ್ಲಿ ಕಟ್ಟಿಗೆ ಒಡೆಯಲು ಬರುತ್ತಿದ್ದ ಅಜ್ಜನೊಬ್ಬ ಎರಡು ಸೀಳು ಎತ್ತಿಕೊಂಡು ಒಂದಕ್ಕೊಂದು ಬಡಿಯುತ್ತಿದ್ದ. "ಟಣ್" ಎಂದರೆ ಒಣಗಿದೆ. "ದಬ್" ಎಂದರೆ ಇನ್ನೂ ಹೊಟ್ಟೆಯಲ್ಲಿ ನೀರಿದೆ. ಕಣ್ಣಿಗೂ ಕೆಲಸವಿದೆ: ತುದಿಯಲ್ಲಿ ನಡುವಿನಿಂದ ಅಂಚಿಗೆ ಬಿರುಕು ಬಿಟ್ಟಿರಬೇಕು, ಸಿಪ್ಪೆ ಉಗುರಿಗೆ ಕಿತ್ತು ಬರಬೇಕು, ಬಣ್ಣ ಮಾಸಿರಬೇಕು. ಕೈಯಲ್ಲಿ ತೂಗಿದರೆ ಗಾತ್ರಕ್ಕೆ ಹಗುರ ಎನಿಸಬೇಕು. ಅದೇ ಕಾರಣಕ್ಕೆ ಬೂರುಗವನ್ನು ಮಾತ್ರ ಯಾರೂ ಕೈಯಲ್ಲಿ ತೂಗಿ ನಂಬಬಾರದು. ಅದು ಹುಟ್ಟುವಾಗಲೇ ಹಗುರ.

ಹಸಿ ಕಟ್ಟಿಗೆಯ ತೂಕದಲ್ಲಿ ಹೆಚ್ಚುಕಮ್ಮಿ ಅರ್ಧ ನೀರು. ಕುದಿಯುವ ನೀರು 1 ಲೀಟರ್ ಆವಿಯಾಗಲು ಸುಮಾರು 540 ಕಿಲೋಕ್ಯಾಲರಿ ಶಾಖ ಬೇಕು. ಅಷ್ಟೇ ಶಾಖದಲ್ಲಿ 20 ಲೀಟರ್ ತಣ್ಣೀರು ಮೀಯುವ ಬಿಸಿಗೆ ಬರುತ್ತದೆ. ಅಂದರೆ ಹಸಿ ಕುಂಟೆ ಒಲೆಗೆ ತುರುಕಿದವನು ಮೊದಲು ಕಟ್ಟಿಗೆಗೆ ಸ್ನಾನ ಮಾಡಿಸುತ್ತಾನೆ, ಉಳಿದರೆ ತಾನು ಮೀಯುತ್ತಾನೆ. ಮೇಲಿಂದ ಹೊಗೆ ಬೇರೆ. ಆಯಿ ಊದುಕೊಳವೆ ಹಿಡಿದು ಕಣ್ಣೀರಿಳಿಸುತ್ತ ಕೂತದ್ದು ನೋಡಿದವರಿಗೆ ಈ ಲೆಕ್ಕವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರದವರು ಮುಂದೆ ಹೊಗೆಕೊಳವೆಯ ಅಸ್ತ್ರ ಒಲೆ ರೂಪಿಸಿದರು. ನಮ್ಮ ಅಡುಗೆಮನೆಗೂ ಅದು ಬಂತು, ಆಯಿಯ ಕೆಮ್ಮು ಇಳಿಯಿತು. ಆದರೆ ಅಸ್ತ್ರ ಒಲೆಯೂ ಕೇಳುವುದು ಸಣ್ಣಗೆ ಸೀಳಿದ ಒಣ ಕಟ್ಟಿಗೆಯನ್ನೇ. ಹಸಿಯನ್ನು ಉರಿಸುವ ಮಂತ್ರ ವಿಜ್ಞಾನಿಗಳ ಬಳಿಯೂ ಇಲ್ಲ.

ಜಾತಿಯ ಮಾತಿಗೆ ಬಂದರೆ ನಾನು ಪಕ್ಷಪಾತಿ. ಮತ್ತಿ ನನ್ನ ಮನೆದೇವರು. ಮೊಸಳೆ ಬೆನ್ನಿನಂಥ ಸಿಪ್ಪೆ, ಒಳಗೆ ಕಂದು ಚೇಗು. ಹತ್ತಿಕೊಳ್ಳಲು ಸತಾಯಿಸುತ್ತದೆ, ಹತ್ತಿದ ಮೇಲೆ ಬೆಳಗಿನ ಕೆಂಡ ಮಧ್ಯಾಹ್ನಕ್ಕೂ ಸಿಗುತ್ತದೆ. ಕಿಂದಳ, ಜಂಬೆ ಅದರ ದಾಯಾದಿಗಳ ಹಾಗೆ, ಮರ್ಯಾದಸ್ಥ ಕಟ್ಟಿಗೆಗಳು. ಹಾಲೆಮರ ಕಾಗದದ ಹಾಗೆ ಭಗ್ ಎಂದು ಉರಿದು ಹಿಡಿ ಬೂದಿಯಾಗುತ್ತದೆ. ಎಂಬತ್ತರ ದಶಕದಿಂದ ಈಚೆಗೆ ಗುಡ್ಡಗುಡ್ಡಗಳಿಗೆ ಹಬ್ಬಿದ ಅಕೇಶಿಯಾ ನೆಡುತೋಪುಗಳನ್ನು ಬೈಯುವವರ ಸಾಲಿನಲ್ಲಿ ನಾನೂ ಇದ್ದೇನೆ, ಭಾಷಣವನ್ನೂ ಮಾಡಿದ್ದೇನೆ. ಬಚ್ಚಲ ಒಲೆಯ ಮುಂದೆ ಕೂತಾಗ ಮಾತ್ರ ಬಾಯಿ ಮುಚ್ಚಿಕೊಳ್ಳುತ್ತೇನೆ. ಹಾಳಾದ್ದು, ಉರಿಯುವುದು ಚೆನ್ನಾಗಿ.

ತಪ್ಪಿಯೂ ತರಬಾರದ್ದು ಹೊಳೆಗೇರು. ಅದರ ಸೊನೆ ತಾಗಿದ ಕಡೆ ಕಪ್ಪಾಗಿ ಗುಳ್ಳೆ ಏಳುತ್ತದೆ, ಸುಟ್ಟ ಹೊಗೆಯೂ ಮೈಕಣ್ಣಿಗೆ ಒಳ್ಳೆಯದಲ್ಲ. ಒಮ್ಮೆ ಕತ್ತಲಾಗುವ ಹೊತ್ತಿಗೆ ಅವಸರದಲ್ಲಿ ಹೊರೆ ಕಟ್ಟಿ ತಂದವನು ನಾನೇ. ಮರುದಿನ ಮುಖ ಹಲಸಿನ ಹಣ್ಣಿನಂತೆ ಊದಿಕೊಂಡಿತ್ತು. ಅಂದಿನಿಂದ ಗುರುತಿಲ್ಲದ ಮರಕ್ಕೆ ಕತ್ತಿ ಹಾಕುವ ಮೊದಲು ಎಲೆ ನೋಡುತ್ತೇನೆ, ಎಲೆ ಇಲ್ಲದಿದ್ದರೆ ಬಿಟ್ಟು ಬರುತ್ತೇನೆ.

ಒಡೆಯುವುದು ಬೇರೆಯೇ ಸುಖ. ಆ ಅಜ್ಜ ಕೊಡಲಿ ಎತ್ತುವ ಮುಂಚೆ ಅದನ್ನು ತಲೆಕೆಳಗು ಮಾಡಿ ಕಾವನ್ನು ಕಲ್ಲಿಗೆ ಎರಡು ಸಲ ಕುಟ್ಟುತ್ತಿದ್ದ, ಬೆಣೆ ಅಲುಗುತ್ತದೆಯೇ ಎಂದು ಹೆಬ್ಬೆರಳಲ್ಲಿ ಒತ್ತಿ ನೋಡುತ್ತಿದ್ದ. ಕೊಡಲಿ ಕಾವು ಕುಲಕ್ಕೆ ಮೃತ್ಯು ಎಂಬ ಗಾದೆಯನ್ನು ಶಾಲೆಯಲ್ಲಿ ಮೇಷ್ಟ್ರು ಮನೆಮುರುಕರ ಮೇಲೆ ಹೇಳಿಸಿ ಅರ್ಥ ಬರೆಸಿದ್ದರು. ಅಜ್ಜನ ಪ್ರಕಾರ ಅದು ಸಡಿಲ ಕಾವಿನ ಮಾತು. ಕೊಡಲಿಯ ತಲೆ ಹಾರಿದರೆ ಎದುರು ನಿಂತವನ ಕುಲ ಅಲ್ಲಿಗೇ ಮುಗಿಯಿತು. ಮಕ್ಕಳನ್ನು ಹತ್ತು ಮಾರು ದೂರ ಅಟ್ಟಿ, ಕುಂಟೆಯನ್ನು ಕಾಲಿನಲ್ಲಿ ಹೊರಳಿಸುತ್ತ ತುದಿಯ ಬಿರುಕನ್ನು ಜಾತಕ ಓದುವವನ ಹಾಗೆ ಓದುತ್ತಿದ್ದ. ಗಂಟು ಇರುವ ಕಡೆ ಹೊಡೆಯುತ್ತಿರಲಿಲ್ಲ. ಬಿರುಕು ಎಲ್ಲಿಗೆ ಹೋಗುತ್ತದೋ ಅಲ್ಲಿಗೇ ಕೊಡಲಿ ಬೀಳುತ್ತಿತ್ತು. ಕುಂಟೆ ಎರಡಾಗಿ ಮಗುಚಿದಾಗ ಒಳಗಿಂದ ಬರುವ ಒಂದು ಹುಳಿಯಾದ, ತಂಪಾದ ವಾಸನೆ ಇದೆಯಲ್ಲ, ಅದಕ್ಕಾಗಿಯೇ ನಾನು ಇವತ್ತಿಗೂ ವಾರಕ್ಕೊಮ್ಮೆ ಕೊಡಲಿ ಹಿಡಿಯುತ್ತೇನೆ. ಯಂತ್ರದಲ್ಲಿ ಕೊಯ್ಸಿದರೆ ಅರ್ಧ ದಿನದ ಕೆಲಸ ಎಂದು ಮಗ ಹೇಳುತ್ತಾನೆ. ನಿಜ. ವಾಸನೆ ಮಾತ್ರ ಪೆಟ್ರೋಲಿನದು.

ಒಟ್ಟುವುದಕ್ಕೂ ಶಾಸ್ತ್ರವಿದೆ. ಕೆಳಗೆ ಕಲ್ಲಿನ ಸಾಲು, ಇಲ್ಲದಿದ್ದರೆ ವರಲೆ ಬಾಡಿಗೆ ಕೊಡದೆ ಸಂಸಾರ ಹೂಡುತ್ತದೆ. ಗೋಡೆಗೆ ತಾಗಿಸದೆ ಒಂದು ಗೇಣು ಬಿಡಬೇಕು, ಗಾಳಿ ಓಡಾಡಲಿ. ಎರಡು ಕೊನೆಗೆ ಅಡ್ಡ ಉದ್ದ ಅಡ್ಡ ಉದ್ದ ಇಟ್ಟು ಕಂಬ ಮಾಡಿಕೊಂಡರೆ ನಡುವಿನದು ಜಾರುವುದಿಲ್ಲ. ನಮ್ಮ ಕಡೆ ಮಳೆ ಪಡುವಣದಿಂದ ಹೊಡೆಯುವುದರಿಂದ ಕಟ್ಟಿಗೆ ಮನೆಯ ಬಾಯಿ ಮೂಡಣಕ್ಕೆ, ಇರಚಲು ಬೆನ್ನಿಗೆ. ಅದು ಮನೆಯಿಂದ ಮೂವತ್ತು ಹೆಜ್ಜೆ ದೂರ ಇರುವುದೇಕೆ ಎಂದು ಚಿಕ್ಕಂದಿನಲ್ಲಿ ನನಗೆ ಸಿಟ್ಟು. ಮಳೆಯಲ್ಲಿ ಗೊರಬು ಹೊತ್ತು ಓಡುವವನು ನಾನೇ ತಾನೇ. ಮನೆಗೆ ಸೋಗೆ ಹೊದಿಸಿದ್ದ ಕಾಲದಲ್ಲಿ ಅಜ್ಜಯ್ಯ ಹಾಕಿಸಿದ ಅಂತರ ಅದು. ಒಂದಕ್ಕೆ ಕಿಡಿ ಬಿದ್ದರೆ ಇನ್ನೊಂದು ಉಳಿಯಲಿ ಎಂದು.

ಕಿಡಿಯ ವಿಷಯದಲ್ಲಿ ನನ್ನ ಅಪರಾಧವೂ ಒಂದಿದೆ. "ಬೂದಿಗೆ ಎರಡು ರಾತ್ರೆ ಮಲಗಲೆ ಬಿಡು" ಎನ್ನುತ್ತಿದ್ದರು ಅಮ್ಮಮ್ಮ. ಒಲೆಯಿಂದ ತೋಡಿದ ಬೂದಿ ಮೊದಲು ಹಳೆಯ ಕಬ್ಬಿಣದ ಬಾಣಲೆಗೆ, ಅಲ್ಲಿ ತಣ್ಣಗಾಗಿ ನೀರು ಚಿಮುಕಿಸಿದ ಮೇಲೆ ತೋಟಕ್ಕೆ. ಒಂದು ಫೆಬ್ರವರಿ ಬೆಳಿಗ್ಗೆ ಮುಟ್ಟಿ ನೋಡಿದೆ, ತಣ್ಣಗಿತ್ತು, ಒಯ್ದು ಅಡಿಕೆ ಸಿಪ್ಪೆಯ ರಾಶಿಯ ಮೇಲೆ ಸುರಿದೆ. ಬೂದಿ ಕೆಂಡಕ್ಕೆ ಕಂಬಳಿ ಎಂಬುದು ಗೊತ್ತಿರಲಿಲ್ಲವೆಂದಲ್ಲ. ಮಾರನೆಯ ಸಂಜೆ ರಾಶಿಯ ನೆತ್ತಿಯಿಂದ ಬೀಡಿ ಸೇದುವವನ ಬಾಯಿಂದ ಬಂದಷ್ಟು ಹೊಗೆ. ಕೆದಕಿದರೆ ಒಳಗೆಲ್ಲ ಕೆಂಪು. ಪಕ್ಕದ ಮನೆಯವರೂ ಸೇರಿ ಬಾವಿಯಿಂದ ಕೊಡ ಕೊಡ ನೀರು ಹೊತ್ತು ಆರಿಸುವಾಗ ಒಂಬತ್ತು ಗಂಟೆ. ಹತ್ತು ಮಾರು ಆಚೆ ಹುಲ್ಲಿನ ಬಣವೆ ಇತ್ತು. ಅಮ್ಮಮ್ಮ ಒಂದು ಮಾತೂ ಆಡಲಿಲ್ಲ. ಮರುದಿನ ಆ ಬಾಣಲೆಯನ್ನು ತಿಕ್ಕಿ ತೊಳೆದು ನನ್ನ ಹಾಸಿಗೆಯ ಪಕ್ಕ ತಂದಿಟ್ಟರು.

ಬೆಂಕಿಗಿಂತ ಮೊದಲಿನ ಅಪಾಯ ಕಾಡಿನಲ್ಲೇ ಇದೆ. ಮಂಗನ ಕಾಯಿಲೆಯ ವೈರಸ್ಸು 1957ರಲ್ಲಿ ಮೊದಲು ಗುರುತಿಗೆ ಬಂದದ್ದು ನಮ್ಮ ನೆರೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಮಂಗಗಳು ಸತ್ತು ಬೀಳುತ್ತಿದ್ದವು, ಕಾಡಿಗೆ ಹೋದವರು ಜ್ವರದಿಂದ ಮಲಗುತ್ತಿದ್ದರು. 2018ರ ಕೊನೆಗೆ ನಮ್ಮದೇ ಸಾಗರ ತಾಲ್ಲೂಕಿನ ಅರಳಗೋಡು ಕಡೆ ಮತ್ತೆ ಬಂದಾಗ ಹಳೆಯ ಹೆದರಿಕೆಯೆಲ್ಲ ಎದ್ದು ಕೂತಿತು. ಹರಡುವುದು ಉಣುಗು. ಸಂಕಟವೆಂದರೆ ಉಣುಗಿನ ಕಾಲ ಡಿಸೆಂಬರಿನಿಂದ ಮೇ ತನಕ, ಕಟ್ಟಿಗೆ, ದರಕು ತರುವ ಕಾಲವೂ ಅದೇ. ಈಗ ಬೆಟ್ಟಕ್ಕೆ ಹೊರಟರೆ ಉದ್ದ ತೋಳಿನ ಅಂಗಿ, ಕೈಕಾಲಿಗೆ ಆರೋಗ್ಯ ಇಲಾಖೆಯವರು ಕೊಡುವ ಡೇಪಾ ಎಣ್ಣೆ. ವಾಪಸು ಬಂದವನು ಸೀದಾ ಬಚ್ಚಲಿಗೆ, ಬಟ್ಟೆ ಬಿಸಿನೀರಿಗೆ. ಕಿವಿಯ ಹಿಂದೆ, ಕಂಕುಳಲ್ಲಿ ಹುಡುಕಾಟ. ಸತ್ತ ಮಂಗ ಕಂಡರೆ ಆ ದಿಕ್ಕಿಗೆ ಆ ವರ್ಷ ಕಟ್ಟಿಗೆಯ ಆಸೆ ಬಿಟ್ಟು ಆರೋಗ್ಯ ಕೇಂದ್ರಕ್ಕೆ ಸುದ್ದಿ ಮುಟ್ಟಿಸುವುದು.

ಮನೆಗೆ ತಂದು ಒಟ್ಟಿದ ಮೇಲೂ ಒಳಗೆ ಬಾಡಿಗೆದಾರರು ಇರುತ್ತಾರೆ. ಚೇಳು, ಜರಿ ದಿನದ ನೆಂಟರು. ಕಟ್ಟುಹಾವು ಮಾತ್ರ ಹೆದರಿಕೆ ಹುಟ್ಟಿಸುತ್ತದೆ. ರಾತ್ರಿ ಓಡಾಡುವ ಅದು ಕಚ್ಚಿದರೆ ನೋವೇ ಗೊತ್ತಾಗದಿರಬಹುದು. ಅದಕ್ಕೇ ಬಾಗಿಲ ಮೂಲೆಯಲ್ಲಿ ಬಿದಿರಿನ ಕೋಲು. ಒಟ್ಟಿಲನ್ನು ಎರಡು ಸಲ ತಟ್ಟಿ, ಹತ್ತು ಎಣಿಸಿ, ಆಮೇಲೆ ಕೈ. ಕತ್ತಲೆಯಲ್ಲಾದರೆ ಬ್ಯಾಟರಿ ಬೆಳಕು ಮೊದಲು. ಕಚ್ಚಿದರೆ ಕುಯ್ಯುವುದು, ಹೀರುವುದು, ಹಗ್ಗ ಬಿಗಿಯುವುದು ಏನೂ ಕೂಡದು. ಅಲುಗಾಡಿಸದೆ ಆಸ್ಪತ್ರೆಗೆ ಒಯ್ಯುವುದಷ್ಟೇ. ಸುಟ್ಟ ಗಾಯಕ್ಕೂ ನಮ್ಮಲ್ಲಿ ಈಗ ಔಷಧಿ ಒಂದೇ, ನಲ್ಲಿಯ ಕೆಳಗೆ 20 ನಿಮಿಷ. ಶಾಯಿ, ಟೂತ್‌ಪೇಸ್ಟು, ಆಲೂಗಡ್ಡೆಯ ಕಾಲ ಮುಗಿಯಿತು.

ಗ್ಯಾಸು ಬಂದಮೇಲೆ ಈ ರಗಳೆಯೆಲ್ಲ ಯಾಕೆ ಎಂದು ಪೇಟೆಯ ನೆಂಟರು ಕೇಳುತ್ತಾರೆ. ನಮ್ಮಲ್ಲೂ ಸಿಲಿಂಡರ್ ಇದೆ, ಅಡುಗೆ ಬಹುಪಾಲು ಅದರಲ್ಲೇ. ಆದರೆ ಕಟ್ಟಿಗೆಯ ತುದಿ ನೋಡಿ ಪಳಗಿದ ಕಣ್ಣು ಸಿಲಿಂಡರಿನ ಕುತ್ತಿಗೆಯನ್ನೂ ಬಿಡುವುದಿಲ್ಲ. ಹಿಡಿಯ ಪಟ್ಟಿಯ ಒಳಗೆ ಒಂದು ಅಕ್ಷರ, ಎರಡು ಅಂಕಿ ಬರೆದಿರುತ್ತದೆ. ಎ ಎಂದರೆ ಮಾರ್ಚ್ ಕೊನೆ, ಬಿ ಜೂನ್, ಸಿ ಸೆಪ್ಟೆಂಬರ್, ಡಿ ಡಿಸೆಂಬರ್, ಅಂಕಿ ಇಸವಿ. ಅಷ್ಟರೊಳಗೆ ಅದನ್ನು ಮರುಪರೀಕ್ಷೆಗೆ ಕಳಿಸಬೇಕು. ಅವಧಿ ಮೀರಿದ್ದನ್ನು ಒಮ್ಮೆ ವಾಪಸು ಕಳಿಸಿದ್ದಕ್ಕೆ ತಂದ ಹುಡುಗ ನನ್ನನ್ನು ಹುಚ್ಚನ ಹಾಗೆ ನೋಡಿದ. ಅನಿಲ ಸೋರಿದರೆ ಗಾಳಿಗಿಂತ ಭಾರವಾದ್ದರಿಂದ ನೆಲದಲ್ಲೇ ಹರಡಿಕೊಳ್ಳುತ್ತದೆ. ಸ್ವಿಚ್ಚು ಮುಟ್ಟದೆ ಬಾಗಿಲು ತೆರೆಯಬೇಕು. ಇದಕ್ಕಿಂತ ಕಳ್ಳ ಇನ್ನೊಂದಿದೆ. ಪೇಟೆಯ ಮನೆಗಳಲ್ಲಿ ಕಿಟಕಿಯಿಲ್ಲದ ಬಚ್ಚಲಿಗೆ ಗ್ಯಾಸ್ ಗೀಸರ್ ಹಾಕುತ್ತಾರೆ, ಚಳಿಗೆ ಮುಚ್ಚಿದ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಟ್ಟು ಮಲಗುತ್ತಾರೆ. ಇಂಗಾಲದ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ಹಳೆಯ ಬಚ್ಚಲಿನ ಹಂಚಿನ ಸಂದಿಯಲ್ಲಿ ಆಕಾಶ ಕಾಣುತ್ತದೆ ಎಂದು ನಗುತ್ತಿದ್ದ ಭಾವನಿಗೆ ಇದನ್ನು ಹೇಳಿದ ಮೇಲೆ ಅವನು ತನ್ನ ಬಚ್ಚಲಿಗೆ ಗೋಡೆ ಒಡೆಸಿ ಜಾಲರಿ ಹಾಕಿಸಿದ.

ಕಟ್ಟಿಗೆ ಮನೆಯ ಬಾಗಿಲ ಮೇಲೆ ಅಪ್ಪಯ್ಯ ಇದ್ದಿಲಿನಲ್ಲಿ ಆಳಿನ ಲೆಕ್ಕ ಬರೆಯುತ್ತಿದ್ದರು. ಅದರ ಕೆಳಗೆ ನಾನು ಸುಣ್ಣದಲ್ಲಿ ಬರೆದಿದ್ದೇನೆ: 112, 108, ಅನಿಲ ಸೋರಿಕೆಗೆ 1906. ಜೊತೆಗೆ ಜೀಪು ಇರುವ ಪಕ್ಕದ ಮನೆಯವರ ನಂಬರು. ಪುಷ್ಯ ಮಳೆಯಲ್ಲಿ ಟವರ್ ಸತ್ತರೆ ಮೊದಲ ಮೂರೂ ಸುಣ್ಣದ ಗೆರೆ ಅಷ್ಟೇ, ನಾಲ್ಕನೆಯದಕ್ಕೆ ಗದ್ದೆಯಂಚಿಗೆ ಹೋಗಿ ಕೂಗು ಹಾಕಬಹುದು.

ಹೋದ ವರ್ಷ ಅಂಥದೇ ಒಂದು ಪುಷ್ಯ. ಧರೆ ಕುಸಿದು ರಸ್ತೆ ಕಟ್ಟಿತ್ತು, ಮರ ಬಿದ್ದು ಕರೆಂಟು ಹೋಗಿ ನಾಲ್ಕು ದಿನ, ಸಿಲಿಂಡರ್ ಬೆಳಿಗ್ಗೆಯಷ್ಟೇ ಖಾಲಿ. ಒಳಗೊಳಗೇ ನನಗೆ ಸಂಭ್ರಮ. ಕೋಲಿನಿಂದ ಎರಡು ಸಲ ತಟ್ಟಿದೆ, ಹತ್ತು ಎಣಿಸಿದೆ. ಒಂದು ಕಪ್ಪೆ ಹೊರಗೆ ಬಂದು ನನ್ನನ್ನೇ ದಿಟ್ಟಿಸಿತು. ಮೂರು ವರ್ಷದಿಂದ ಕಾಪಾಡಿಟ್ಟಿದ್ದ ಮತ್ತಿಯ ಸೀಳುಗಳಲ್ಲಿ ಒಳ್ಳೆಯವು ನಾಲ್ಕು ಆರಿಸಿ, ಗೊರಬಿನೊಳಗೆ ಮಗುವಿನ ಹಾಗೆ ಅವುಚಿಕೊಂಡು ಒಲೆಯ ಮುಂದೆ ತಂದಿಟ್ಟೆ, ಒಂದಕ್ಕೊಂದು ಬಡಿದು ಸದ್ದು ಕೇಳಿಸಿದೆ.

"ಇದು ಹತ್ತದ್ರೊಳಗೆ ಮಧ್ಯಾಹ್ನ ಆಗ್ತು" ಎಂದಳು ಹೆಂಡತಿ, ಒಲೆಯಿಂದ ತಲೆಯೆತ್ತದೆ. "ಯಂಗೆ ಎರಡು ಅಡಿಕೆ ಹಾಳೆ, ನಾಕು ಕರಟ ಸಾಕು. ಚಾ ಕಾಸದಷ್ಟೇ ಅಲ್ದಾ?"

ಮತ್ತಿ ಮಳೆಯಲ್ಲಿ ಮತ್ತೆ ಮೂವತ್ತು ಹೆಜ್ಜೆ ವಾಪಸು ಹೋಯಿತು. ಕಪ್ಪೆ ಇನ್ನೂ ಅಲ್ಲೇ ಇತ್ತು.